ಟ್ರಾಲಿಯೂ ಎಡಕ್ಕೆ, ಕಾರೂ ಎಡಕ್ಕೆ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಪ್ರೆಸ್ ಶಾಪ್. ತಗಡನ್ನು ಒತ್ತಿ ಆಕಾರ ಕೊಡುವ ಭಾರದ ಡೈಗಳನ್ನು ರ್ಯಾಕ್‌ನಿಂದ ಪ್ರೆಸ್‌ವರೆಗೆ ಒಯ್ಯಲು ಒಂದು ಟ್ರಾಲಿ ಮಾಡಿಸಿದ್ದೇವೆ. ದೊಡ್ಡ ಡೈ 900 ಕೆ.ಜಿ., ಟ್ರಾಲಿಯದೇ ತೂಕ 160 ಕೆ.ಜಿ. ನಾಲ್ಕೂ ಸ್ವಿವೆಲ್ ಕ್ಯಾಸ್ಟರ್, ಅಂದರೆ ಯಾವ ದಿಕ್ಕಿಗಾದರೂ ತಿರುಗುವಂಥವು, 4 ಇಂಚಿನ ನೈಲಾನ್ ಚಕ್ರ. ಒಂದೊಂದರ ಮೇಲೂ 300 ಕೆ.ಜಿ. ಎಂದು ಬರೆದಿದೆ. ಒಟ್ಟು 1,200 ಆಯಿತಲ್ಲ, ಸಾಕು ಅಂದುಕೊಂಡೆವು. ಆರೇ ತಿಂಗಳಲ್ಲಿ ಎರಡು ಚಕ್ರ ಹೋದವು. ಈಗ ಟ್ರಾಲಿ ಸದಾ ಎಡಕ್ಕೆ ಎಳೆಯುತ್ತದೆ, ತಳ್ಳುವ ಹುಡುಗರು ಗೊಣಗುತ್ತಾರೆ. ನೆಲ ಶಹಾಬಾದ್ ಕಲ್ಲಿನದು. ಇನ್ನೊಂದು ವಿಷಯ: ಮಳೆಗಾಲದಲ್ಲಿ ನನ್ನ ಕಾರಿನ ಎಡಗಡೆಯ ಮುಂದಿನ ಚಕ್ರ ದೊಡ್ಡ ಗುಂಡಿಗೆ ಬಿತ್ತು. ಆಮೇಲಿಂದ ಕಾರೂ ಎಡಕ್ಕೆ ಎಳೆಯುತ್ತಿದೆ. ಅಲೈನ್‌ಮೆಂಟ್ ಮಾಡಿಸಿದೆ. ಪ್ರಿಂಟ್‌ನಲ್ಲಿ ಕ್ಯಾಸ್ಟರ್ ಎಡಗಡೆ 2 ಡಿಗ್ರಿ 10 ಮಿನಿಟ್, ಬಲಗಡೆ 3 ಡಿಗ್ರಿ 25 ಮಿನಿಟ್ ಇದೆ. ಎಡದ್ದು ಕೆಂಪು ಬಣ್ಣದಲ್ಲಿದೆ. ‘ಟೋ ಸರಿ ಮಾಡಿದ್ದೇವೆ, ಕ್ಯಾಸ್ಟರ್ ಹಾಗೇ ಇರುತ್ತೆ, ಓಡಿಸಿ’ ಅಂದರು. ಎಳೆತ ಹೋಗಿಲ್ಲ. ಟ್ರಾಲಿಯ ಕ್ಯಾಸ್ಟರ್, ಕಾರಿನ ಕ್ಯಾಸ್ಟರ್ ಎರಡೂ ಒಂದೇನಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪೂರ್ತಿ ಒಂದೇ ಅಲ್ಲ. ಒಂದು ವಸ್ತುವಿನ ಹೆಸರು, ಇನ್ನೊಂದು ಕೋನದ ಹೆಸರು, ಅಷ್ಟೇ. ಒಳಗಿನ ಗುಟ್ಟು ಮಾತ್ರ ಬೇರೆ ಬೇರೆ ಅಲ್ಲ. ಅದನ್ನು ಒಮ್ಮೆ ಹಿಡಿದರೆ ನಿಮ್ಮ ಎರಡೂ ತೊಂದರೆಗೆ ದಾರಿ ಕಾಣುತ್ತದೆ.

ನಿಮ್ಮ ಕಡೆ ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್‌ಗಳಿಗೆ ಬರವಿಲ್ಲ. ಎರಡು ಚಕ್ರದ ಟ್ರೇಲರ್ ಕಟ್ಟಿಕೊಂಡು ಮುಂದೆ ಹೋಗುವ ಟ್ರ್ಯಾಕ್ಟರ್ ನೋಡಿ. ಡ್ರೈವರ್ ಹಿಂದೆ ತಿರುಗಿಯೂ ನೋಡುವುದಿಲ್ಲ. ಟ್ರೇಲರ್ ತಾನಾಗಿ ನೇರಕ್ಕೆ ಬಂದು ಹಿಂಬಾಲಿಸುತ್ತದೆ. ಅದೇ ಡ್ರೈವರ್ ರಿವರ್ಸ್ ತೆಗೆಯುವುದನ್ನು ನೋಡಿ. ಕುತ್ತಿಗೆ ಪೂರ್ತಿ ಹಿಂದಕ್ಕೆ, ಸ್ಟೀರಿಂಗ್ ಆ ಕಡೆ ಈ ಕಡೆ, ಕೆಳಗೊಬ್ಬ ನಿಂತು ಕೂಗುವವನು. ಸ್ವಲ್ಪ ತಪ್ಪಿದರೂ ಟ್ರೇಲರ್ ಮಡಚಿಕೊಳ್ಳುತ್ತದೆ. ಎಳೆಯುವ ಬಿಂದು ಮುಂದಿದ್ದು, ಚಕ್ರ ನೆಲ ಮುಟ್ಟುವ ಜಾಗ ಹಿಂದಿದ್ದರೆ ಚಕ್ರ ತಾನಾಗಿ ನೇರವಾಗುತ್ತದೆ. ಅದು ತಿರುಗುಮುರುಗಾದರೆ ಚಕ್ರ ಹಟ ಮಾಡುತ್ತದೆ.

ನಿಮ್ಮ ಟ್ರಾಲಿಯ ಒಂದು ಸ್ವಿವೆಲ್ ಕ್ಯಾಸ್ಟರನ್ನು ಪಕ್ಕದಿಂದ ನೋಡಿ. ಮೇಲಿನ ಪ್ಲೇಟಿನ ಮಧ್ಯೆ ಒಂದು ಕಿಂಗ್ ಪಿನ್, ಅದರ ಸುತ್ತ ಗುಂಡುಗಳ ಎರಡು ಸಾಲು. ಚಕ್ರದ ಅಚ್ಚು ಆ ಪಿನ್ನಿನ ನೇರ ಕೆಳಗಿಲ್ಲ, ಪಕ್ಕಕ್ಕೆ ಸರಿದಿದೆ. 6 ಇಂಚಿನ ಕ್ಯಾಸ್ಟರ್‌ನಲ್ಲಿ ಸಾಮಾನ್ಯವಾಗಿ 40ರಿಂದ 60 ಮಿ.ಮೀ. ಸರಿದಿರುತ್ತದೆ. ಈ ಅಂತರವೇ ಟ್ರೇಲರಿನ ಉದ್ದ ಅಂದುಕೊಳ್ಳಿ. ಟ್ರಾಲಿ ಮುಂದೆ ಹೋದರೆ ಚಕ್ರ ಪಿನ್ನಿನ ಹಿಂದೆ ಬಂದು ನಿಲ್ಲುತ್ತದೆ. ನೀವು ಟ್ರಾಲಿಯನ್ನು ಹಿಂದಕ್ಕೆ ಎಳೆದರೆ ನಾಲ್ಕೂ ಚಕ್ರ ಅರ್ಧ ಸುತ್ತು ಹೊಡೆದು ಮತ್ತೆ ಹಿಂದಕ್ಕೆ ಹೋಗುತ್ತವೆ. 900 ಕೆ.ಜಿ. ಹೊತ್ತ ಟ್ರಾಲಿಯ ದಿಕ್ಕು ಬದಲಿಸುವಾಗ ಮೊದಲ ಒಂದು ಗೇಣು ಯಾಕೆ ಅಷ್ಟು ಭಾರ, ಯಾಕೆ ಅದು ಸೊಂಟ ಕುಣಿಸಿದ ಹಾಗೆ ಪಕ್ಕಕ್ಕೆ ವಾಲಾಡುತ್ತದೆ ಅಂದರೆ ಇದೇ ಕಾರಣ.

ಕಾರಿನಲ್ಲಿ ಚಕ್ರವನ್ನು ಹೀಗೆ ಪಕ್ಕಕ್ಕೆ ಸರಿಸಿ ಕೂರಿಸಿಲ್ಲ. ಬದಲಿಗೆ ಪಿನ್ನನ್ನೇ ಓರೆ ಮಾಡಿದ್ದಾರೆ. ಮುಂದಿನ ಚಕ್ರ ತಿರುಗುವ ಅಕ್ಷದ ಮೇಲ್ತುದಿ ಸ್ವಲ್ಪ ಹಿಂದಕ್ಕೆ, ಕೆಳತುದಿ ಸ್ವಲ್ಪ ಮುಂದಕ್ಕೆ ಇರುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುವ ಹಾಗೆ. ಆ ಓರೆ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಓರೆ 5 ಡಿಗ್ರಿ, ಟೈರಿನ ಅಚ್ಚಿನಿಂದ ನೆಲಕ್ಕೆ 280 ಮಿ.ಮೀ. ಅಂದರೆ ಆ ಅಂತರ ಸುಮಾರು 25 ಮಿ.ಮೀ. ಆಯಿತು. ಟ್ರಾಲಿಯಲ್ಲಿ ಕಬ್ಬಿಣ ಬಗ್ಗಿಸಿ ಮಾಡಿದ್ದನ್ನು ಇಲ್ಲಿ ಕೋನ ಕೊಟ್ಟು ಮಾಡಿದ್ದಾರೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ಕೈಯಲ್ಲಿ ತಾನೇ ಜಾರಿ ನೇರಕ್ಕೆ ಬರುತ್ತದಲ್ಲ, ಅದರಲ್ಲಿ ಈ ಒಂದು ಇಂಚಿನ ಕೆಲಸವೇ ದೊಡ್ಡದು. ರಿವರ್ಸ್‌ನಲ್ಲಿ ಹಾಗೆ ಬರುವುದಿಲ್ಲ, ಗಮನಿಸಿದ್ದೀರಾ? ಕಾರಿನ ಚಕ್ರಕ್ಕೂ ಟ್ರಾಲಿಯ ಚಕ್ರದ ಹಾಗೆ ಅರ್ಧ ಸುತ್ತು ಹೊಡೆಯುವ ಆಸೆ ಇರುತ್ತದೆ. ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡ್ ಹಿಡಿದುಕೊಂಡಿರುವುದರಿಂದ ಸುಮ್ಮನಿದೆ.

ಸರಿ, ಈಗ ಟ್ರಾಲಿಗೆ ಬರೋಣ.

ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ. ತುಂಬಾ ಜನ ಮಾಡುವ ತಪ್ಪೇ. ನಾಲ್ಕು ಕಾಲಿನ ಸ್ಟೂಲು ಯಾವ ನೆಲದ ಮೇಲೂ ಸರಿಯಾಗಿ ಕೂರುವುದಿಲ್ಲ, ಒಂದು ಕಾಲು ಕುಂಟುತ್ತಲೇ ಇರುತ್ತದೆ. ಟ್ರಾಲಿಯೂ ಹಾಗೇ. ಶಹಾಬಾದ್ ಕಲ್ಲು ಅಂದರೆ ಕಲ್ಲಿಗೂ ಕಲ್ಲಿಗೂ ಸಂದು, ಒಂದು ಎತ್ತರ, ಒಂದು ತಗ್ಗು. ಯಾವ ಕ್ಷಣದಲ್ಲಾದರೂ ಒಂದು ಚಕ್ರ ಗಾಳಿಯಲ್ಲಿದೆ ಅಂತಲೇ ಲೆಕ್ಕ ಹಿಡಿಯಬೇಕು. ಹಾಗಾಗಿ ಒಟ್ಟು ಭಾರವನ್ನು ನಾಲ್ಕರಿಂದ ಅಲ್ಲ, ಮೂರರಿಂದ ಭಾಗಿಸಬೇಕು. 900 ಮತ್ತು 160 ಸೇರಿ 1,060. ಮೂರರಿಂದ ಭಾಗಿಸಿದರೆ 353. ನಿಮ್ಮ ಚಕ್ರ 300ರದ್ದು. ಅಂದರೆ ದೊಡ್ಡ ಡೈ ಹೇರಿದ ಪ್ರತಿ ಸಲವೂ ಅದು ಮಿತಿ ಮೀರಿ ಹೊತ್ತಿದೆ. ಆರು ತಿಂಗಳು ಬಂದದ್ದೇ ಹೆಚ್ಚು. ಮುಂದಿನ ಸಲ 400ಕ್ಕಿಂತ ಕಡಿಮೆಯದು ತರಬೇಡಿ, 450 ಸಿಕ್ಕರೆ ಇನ್ನೂ ಒಳ್ಳೆಯದು.

ಅಂದಹಾಗೆ, ಕ್ಯಾಸ್ಟರ್ ಮೇಲೆ ಬರೆದಿರುವ ಭಾರ ಮನುಷ್ಯನ ನಡಿಗೆಯ ವೇಗಕ್ಕೆ, ಗಂಟೆಗೆ ಸುಮಾರು 4 ಕಿ.ಮೀ.ಗೆ. ಟ್ರಾಲಿಯನ್ನು ಫೋರ್ಕ್‌ಲಿಫ್ಟಿಗೋ ಟ್ರ್ಯಾಕ್ಟರಿಗೋ ಹಗ್ಗ ಹಾಕಿ ಎಳೆದರೆ ಆ ಅಂಕಿ ಲೆಕ್ಕಕ್ಕಿಲ್ಲ. ವೇಗ ಹೆಚ್ಚಾದರೆ ಸ್ವಿವೆಲ್ ಚಕ್ರ ಗಡಗಡ ನಡುಗಲು ಶುರು ಮಾಡುತ್ತದೆ. ಮಲೆನಾಡಿನ ಹಳೇ ಜೀಪ್ ಓಡಿಸಿದವರಿಗೆ ಈ ನಡುಕ ಗೊತ್ತು. ಕಿಂಗ್ ಪಿನ್ ಸಡಿಲಾದ ಜೀಪು ಒಂದು ಗುಂಡಿ ದಾಟಿದ ಕೂಡಲೇ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಆಡುತ್ತದೆ. ಎರಡೂ ಒಂದೇ ಕಾಯಿಲೆ.

ಇನ್ನು ಚಕ್ರದ ಗಾತ್ರ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹುಡುಗರ ಗೊಣಗಾಟಕ್ಕೆ ಅರ್ಧ ಕಾರಣ ಇಲ್ಲಿದೆ. ಒಂದು ಕಲ್ಲು ಪಕ್ಕದ ಕಲ್ಲಿಗಿಂತ 5 ಮಿ.ಮೀ. ಎತ್ತರವಿದೆ ಅಂದುಕೊಳ್ಳಿ. ಒಂದು ಚಕ್ರದ ಮೇಲೆ 265 ಕೆ.ಜಿ. ಇದೆ. ನಿಂತಲ್ಲಿಂದ ಅದನ್ನು ಆ ಮೆಟ್ಟಿಲು ಹತ್ತಿಸಲು 4 ಇಂಚಿನ ಚಕ್ರಕ್ಕೆ ಸುಮಾರು 128 ಕೆ.ಜಿ.ಯಷ್ಟು ತಳ್ಳುವ ಬಲ ಬೇಕು. 6 ಇಂಚಾದರೆ 102. 8 ಇಂಚಾದರೆ 87. ಇದು ಒಂದೇ ಚಕ್ರದ ಮಾತು. ಎರಡು ಚಕ್ರ ಒಟ್ಟಿಗೆ ಸಂದಿಗೆ ಬಿದ್ದರೆ ಎರಡರಷ್ಟು. ಹುಡುಗರು ಟ್ರಾಲಿಯನ್ನು ಮೊದಲು ಸ್ವಲ್ಪ ಹಿಂದಕ್ಕೆ ಎಳೆದು, ಓಡಿಸಿಕೊಂಡು ಬಂದು ಗುದ್ದುತ್ತಿರಬೇಕು, ಅಲ್ವಾ? ಬೇರೆ ದಾರಿಯೇ ಇಲ್ಲ ಅವರಿಗೆ. ಆ ಗುದ್ದೇ ನಿಮ್ಮ ನೈಲಾನ್ ಚಕ್ರಗಳನ್ನು ಸೀಳಿದ್ದು.

ಕಾಗದದ ಮೇಲೆ 8 ಇಂಚು ಚೆಂದ. ಆದರೆ ಟ್ರಾಲಿ ಹೆಚ್ಚೂಕಡಿಮೆ 4 ಇಂಚು ಎತ್ತರವಾಗುತ್ತದೆ, ಡೈ ಮೇಲಿದ್ದಾಗ ಮಗುಚುವ ಭಯವೂ ಅಷ್ಟು ಹೆಚ್ಚು. ಪ್ರೆಸ್ಸಿನ ಬೆಡ್ ಎತ್ತರಕ್ಕೆ ಟ್ರಾಲಿ ಹೊಂದಿಸಿದ್ದರೆ ಅದೂ ತಪ್ಪುತ್ತದೆ. ನನ್ನ ಮಾತು ಕೇಳುವುದಾದರೆ 6 ಇಂಚು ಹಾಕಿಸಿ, ಮತ್ತೆ ಡೈ ಓಡಾಡುವ ದಾರಿಯಲ್ಲಿ ಎದ್ದಿರುವ ನಾಲ್ಕೈದು ಕಲ್ಲನ್ನು ಗ್ರೈಂಡರ್ ಹಿಡಿದು ಸಮ ಮಾಡಿಸಿ. ಶಟರ್ ಚಾನೆಲ್ ದಾಟಬೇಕಿದ್ದರೆ ಅದರ ಮೇಲೆ ಎರಡೂ ಬದಿ ಇಳಿಜಾರು ಕೊಟ್ಟ ಒಂದು ಪ್ಲೇಟ್. ಚಕ್ರಕ್ಕೆ ಸುರಿಯುವ ದುಡ್ಡಿನ ಸ್ವಲ್ಪ ಭಾಗ ನೆಲಕ್ಕೆ ಹಾಕಿದರೆ ಜಾಸ್ತಿ ದಿನ ಬಾಳುತ್ತದೆ. ಚಕ್ರದ ಕ್ಯಾಟಲಾಗ್ ತಿರುವಿ ಹಾಕುವವರೆಲ್ಲ ನೆಲ ನೋಡುವುದನ್ನು ಮರೆಯುತ್ತಾರೆ.

ಚಕ್ರ ಯಾವುದರದ್ದು ಇರಬೇಕು? ನಿಮ್ಮದು ಪ್ರೆಸ್ ಶಾಪ್, ಬಿಸಿ ಇಲ್ಲ. ಎರಕದ ಕಬ್ಬಿಣದ ಚಕ್ರದ ಮೇಲೆ ಪಾಲಿಯುರೆಥೇನ್ ಕಟ್ಟಿದ್ದು ಸರಿಹೋಗುತ್ತದೆ. ಅಂಗಡಿಯಲ್ಲಿ ಪಿಯು ಅಂದರೆ ಸಾಕು. ಕಲ್ಲಿನ ಸಂದಿನಲ್ಲಿ ನೈಲಾನ್ ಕಟಕಟ ಎನ್ನುತ್ತದೆ, ಪಿಯು ನುಂಗಿಕೊಳ್ಳುತ್ತದೆ. ಒಂದು ಎಚ್ಚರ: ತಗಡಿನ ಚೂಪು ಚೂರುಗಳು ಪಿಯು ಒಳಗೆ ಚುಚ್ಚಿಕೊಂಡು ಕೂತುಬಿಡುತ್ತವೆ. ದಾರಿ ಗುಡಿಸಬೇಕು. ಇನ್ನೊಂದು: ಡೈ ಹೇರಿದ ಟ್ರಾಲಿಯನ್ನು ವಾರಗಟ್ಟಲೆ ಒಂದೇ ಕಡೆ ನಿಲ್ಲಿಸಬೇಡಿ, ಚಕ್ರದ ಅಡಿ ಚಪ್ಪಟೆಯಾಗುತ್ತದೆ. ಪಕ್ಕದ ಫೌಂಡ್ರಿಯವರು ಕಬ್ಬಿಣದ ಚಕ್ರವನ್ನೇ ಹಾಕಿರುತ್ತಾರೆ. ಅವರ ಕೆಲಸಕ್ಕೆ ಅದೇ ಸರಿ, ನಿಮಗಲ್ಲ. ಒಳಗೆ ಬಾಲ್ ಬೇರಿಂಗ್ ಇರಲಿ, ಬರೀ ಬುಷ್ ಇರುವುದು ಈ ಭಾರಕ್ಕೆ ಬೇಡ. ಗ್ರೀಸ್ ನಿಪ್ಪಲ್ ಇದೆಯಾ ಅಂತ ನೋಡಿ ತನ್ನಿ.

ಈಗ ಎಡಕ್ಕೆ ಎಳೆಯುವ ವಿಷಯ. ಮೊದಲು ತಪ್ಪು ಟ್ರಾಲಿಯದಾ ನೆಲದ್ದಾ ಅಂತ ತಿಳಿಯಬೇಕು. ಇದಕ್ಕೆ ಕಾಸು ಖರ್ಚಿಲ್ಲ. ಖಾಲಿ ಟ್ರಾಲಿ ತೆಗೆದುಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮೀಟರ್ ಗೆರೆ ಎಳೆಯಿರಿ. ಗೆರೆಯ ಮೇಲೆ ನಿಧಾನ ತಳ್ಳಿ. ಎಡಕ್ಕೆ ಹೋಯಿತು ಅಂದುಕೊಳ್ಳಿ. ಈಗ ಟ್ರಾಲಿಯನ್ನು ಪೂರ್ತಿ ತಿರುಗಿಸಿ ಅದೇ ಗೆರೆ ಮೇಲೆ ವಾಪಸ್ ತನ್ನಿ. ಈಗ ಬಲಕ್ಕೆ, ಅಂದರೆ ಅದೇ ಗೋಡೆಯ ಕಡೆಗೆ ಹೋದರೆ ನೆಲ ಇಳಿಜಾರಾಗಿದೆ. ನೀರು ಹರಿಯಲಿ ಅಂತ ಕೊಟ್ಟ ವಾಟ ಅದು. ಈಗಲೂ ಎಡಕ್ಕೇ ಹೋದರೆ ತಪ್ಪು ಟ್ರಾಲಿಯದು.

ನೆಲದ್ದಾದರೆ ಅದಕ್ಕೆ ಬಲಿಯಾಗುತ್ತಿರುವುದು ನಿಮ್ಮ ನಾಲ್ಕು ಸ್ವಿವೆಲ್‌ಗಳು. ನಾಲ್ಕೂ ತಿರುಗುವ ಟ್ರಾಲಿ ಇಕ್ಕಟ್ಟಾದ ಜಾಗದಲ್ಲಿ ಅನುಕೂಲ, ಪಕ್ಕಕ್ಕೂ ಸರಿಯುತ್ತದೆ. ಆದರೆ ಅದಕ್ಕೆ ನೇರ ಅನ್ನುವುದೇ ಗೊತ್ತಿಲ್ಲ. ವಾಟ ಯಾವ ಕಡೆಗೋ ಆ ಕಡೆಗೆ ಹೊರಟಿತು. ಊರಿನ ತೇರು ನೆನಪಿಸಿಕೊಳ್ಳಿ. ಅದರ ಒಂದು ಚಕ್ರವೂ ತಿರುಗುವುದಿಲ್ಲ. ತಿರುಗಿಸಬೇಕಾದರೆ ಚಕ್ರದ ಅಡಿಗೆ ಮರದ ತುಂಡು ಕೊಡುತ್ತಾ ಒಂದಿಷ್ಟು ಜನ ಜೀವ ಕೈಯಲ್ಲಿ ಹಿಡಿದು ಓಡಾಡುತ್ತಾರೆ. ಆದರೆ ನೇರ ಬೀದಿಯಲ್ಲಿ ಸಾವಿರ ಜನ ಎಳೆದರೂ ಹಾದಿ ಬಿಟ್ಟು ಬೇಗ ಸರಿಯುವುದಿಲ್ಲ. ನಿಮ್ಮ ಟ್ರಾಲಿ ಒಂದು ತುದಿ, ತೇರು ಇನ್ನೊಂದು ತುದಿ. ನಿಮಗೆ ಬೇಕಾದದ್ದು ನಡುವಿನದು: ಹಿಡಿಕೆಯ ಕಡೆ ಎರಡು ಸ್ವಿವೆಲ್, ಆಚೆ ತುದಿಗೆ ಎರಡು ಫಿಕ್ಸ್, ಅಂದರೆ ದಿಕ್ಕು ತಿರುಗದವು. ಹಿಡಿಕೆ ಹಿಡಿದವನು ತಿರುಗಿಸುತ್ತಾನೆ, ಆಚೆಯ ಎರಡು ನೇರ ಕಾಯುತ್ತವೆ. ಫಿಕ್ಸ್ ಕ್ಯಾಸ್ಟರ್ ಸ್ವಿವೆಲ್‌ಗಿಂತ ಅಗ್ಗ ಕೂಡ.

ಟ್ರಾಲಿಯದ್ದೇ ತಪ್ಪಾಗಿದ್ದರೆ ಫ್ರೇಮ್ ನೋಡಿ. ಆಂಗಲ್‌ನಲ್ಲಿ ಕಟ್ಟಿದ ಫ್ರೇಮ್ ಆಗಿದ್ದರೆ ನನ್ನ ಅನುಮಾನ ಇಲ್ಲೇ. ಡೈ ಹೇರಿದ ಮೇಲೆ ಒಂದು ಮೂಲೆಯ ಆಂಗಲ್ ಸ್ವಲ್ಪ ಒಳಕ್ಕೆ ತಿರುಚಿಕೊಂಡಿರುತ್ತದೆ. ಅದರ ಜೊತೆ ಕ್ಯಾಸ್ಟರ್ ಪ್ಲೇಟೂ ವಾಲುತ್ತದೆ, ಪಿನ್ನೂ ವಾಲುತ್ತದೆ. ತೂಗುಗುಂಡು ಹಿಡಿದು ನಿಲ್ಲಿಸದ ಬಾಗಿಲು ಏನು ಮಾಡುತ್ತದೆ? ತಾನೇ ತೆರೆದುಕೊಳ್ಳುತ್ತದೆ, ಇಲ್ಲವೇ ತಾನೇ ಮುಚ್ಚಿಕೊಳ್ಳುತ್ತದೆ. ಈ ಚಕ್ರವೂ ಹಾಗೇ. ಯಾವ ಕಡೆ ತಿರುಗಿದರೆ ಟ್ರಾಲಿಯ ಆ ಮೂಲೆ ತುಸು ಕೆಳಗಿಳಿಯುತ್ತದೋ ಆ ಕಡೆಗೇ ತಿರುಗಲು ನೋಡುತ್ತದೆ. ಅಂದರೆ ಕಾರಿನಲ್ಲಿ ಲೆಕ್ಕ ಹಾಕಿ ಕೊಡುವ ಓರೆ, ನಿಮ್ಮ ಟ್ರಾಲಿಗೆ ಲೆಕ್ಕವಿಲ್ಲದೆ ಬಂದುಬಿಟ್ಟಿದೆ. ಡೈ ಹೇರಿದಾಗಲೇ ಪ್ಲೇಟಿನ ಅಂಚಿಗೆ ಸಣ್ಣ ಸ್ಪಿರಿಟ್ ಲೆವೆಲ್ ಇಟ್ಟು ನಾಲ್ಕೂ ಕಡೆ ನೋಡಿ. ಖಾಲಿ ಇದ್ದಾಗ ನೋಡಿದರೆ ಫ್ರೇಮ್ ಮರಳಿ ನೇರವಾಗಿ ನಿಮ್ಮನ್ನು ಏಮಾರಿಸುತ್ತದೆ. ವಾಲಿದ್ದರೆ ಆ ಮೂಲೆಗಳಿಗೆ 75 ಮಿ.ಮೀ. ಕಬ್ಬಿಣದ ಚಾನೆಲ್ ಹಾಕಿಸಿ, ಅಡ್ಡ ಪಟ್ಟಿ ಕೊಡಿಸಿ.

ಹೊಸ ಫಿಕ್ಸ್ ಕ್ಯಾಸ್ಟರ್ ಕೂರಿಸುವಾಗ ದಯವಿಟ್ಟು ವೆಲ್ಡ್ ಮಾಡಿಸಬೇಡಿ, ಬೋಲ್ಟ್ ಹಾಕಿಸಿ. ಸ್ವಿವೆಲ್‌ಗಂತೂ ವೆಲ್ಡಿಂಗ್ ತಾಗಲೇಬಾರದು, ಒಳಗಿನ ಗ್ರೀಸ್ ಸುಟ್ಟು ಗುಂಡುಗಳು ಒಣಗುತ್ತವೆ. ಬೋಲ್ಟ್ ಬಿಗಿ ಮಾಡುವ ಮುಂಚೆ ಎರಡು ಫಿಕ್ಸ್ ಚಕ್ರಗಳ ನಡುವಿನ ದೂರವನ್ನು ಅಚ್ಚಿನ ಎತ್ತರದಲ್ಲಿ ಮುಂದೊಮ್ಮೆ, ಹಿಂದೊಮ್ಮೆ ಟೇಪ್ ಹಿಡಿದು ಅಳೆಯಿರಿ. ಎರಡೂ ಒಂದೇ ಇರಬೇಕು. ಜೊತೆಗೆ ಎರಡೂ ಫ್ರೇಮಿನ ಉದ್ದಕ್ಕೆ ನೇರವಾಗಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಸಮವಾಗಿದ್ದೂ ಟ್ರಾಲಿ ಏಡಿಯ ಹಾಗೆ ಓರೆಯಾಗಿ ನಡೆಯುತ್ತದೆ. ಈ ಟೇಪನ್ನು ಒಳಗಿಡಬೇಡಿ, ಕಾರಿಗೂ ಬೇಕಾಗುತ್ತದೆ.

ಬ್ರೇಕಿನ ಬಗ್ಗೆ ಒಂದು ಮಾತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಟ್ರಾಲಿಗೆ ಬ್ರೇಕ್ ಇತ್ತು, ಆದರೆ ಅದು ಚಕ್ರ ಉರುಳುವುದನ್ನು ಮಾತ್ರ ತಡೆಯುತ್ತಿತ್ತು. ಸ್ವಿವೆಲ್ ಬಿಟ್ಟೇ ಇತ್ತು. ಡೈ ಜಾರಿಸುವಾಗ ಹಾರೆ ಹಾಕಿ ಮೀಟಿದರು. ಟ್ರಾಲಿ ಉರುಳಲಿಲ್ಲ, ಪಿನ್ನಿನ ಸುತ್ತ ಗಿರಕ್ಕನೆ ಅರ್ಧ ಅಡಿ ಸರಿಯಿತು. ಪಕ್ಕದಲ್ಲಿ ನಿಂತಿದ್ದ ಹುಡುಗನ ಕಾಲಿನ ಎರಡು ಬೆರಳು ಅಡಿಗೆ ಸಿಕ್ಕಿದವು. ಶೂ ಇತ್ತು, ಬೆರಳು ಉಳಿದವು, ಉಗುರು ಕಪ್ಪಾಗಿ ಬಿದ್ದುಹೋದವು. ಅಂಗಡಿಯಲ್ಲಿ ಟೋಟಲ್ ಲಾಕ್ ಅಂತಲೇ ಕೇಳಿ. ಅದು ಉರುಳುವುದನ್ನೂ ತಿರುಗುವುದನ್ನೂ ಒಟ್ಟಿಗೆ ಹಿಡಿಯುತ್ತದೆ. ಹಿಡಿಕೆಯ ಕಡೆಯ ಎರಡಕ್ಕೂ ಇರಲಿ.

ಇನ್ನು ಕಾರು.

ಅಲೈನ್‌ಮೆಂಟ್ ಅಂದರೆ ಮೂರು ಕೋನ. ಕ್ಯಾಸ್ಟರ್ ಆಯಿತು. ಕಾರಿನ ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಅದು ಹೆಚ್ಚಾದರೆ ಟೈರಿನ ಒಂದು ಅಂಚು ಸವೆಯುತ್ತದೆ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಒಂದಕ್ಕೊಂದು ಹತ್ತಿರವೋ ದೂರವೋ ಇರುವುದು ಟೋ. ನಡೆಯುವಾಗ ಕೆಲವರ ಪಾದ ಒಳಕ್ಕೆ, ಕೆಲವರದು ಹೊರಕ್ಕೆ ಇರುತ್ತದಲ್ಲ, ಹಾಗೆ. ಬ್ಯಾಲೆನ್ಸಿಂಗ್ ಇದ್ಯಾವುದೂ ಅಲ್ಲ. 80–100ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಅದು ಬ್ಯಾಲೆನ್ಸಿಂಗ್ ಕೆಲಸ, ಎಳೆದರೆ ಅಲ್ಲ.

ಟೈರನ್ನು ತಿನ್ನುವುದರಲ್ಲಿ ಟೋ ಎಲ್ಲಕ್ಕಿಂತ ಮುಂದು. 600 ಮಿ.ಮೀ. ವ್ಯಾಸದ ಟೈರಿನಲ್ಲಿ ಟೋ ಇರಬೇಕಾದ್ದಕ್ಕಿಂತ ಒಟ್ಟು 3 ಮಿ.ಮೀ. ತಪ್ಪಿದೆ ಅಂದುಕೊಳ್ಳಿ. ಒಂದೊಂದು ಚಕ್ರದ ಪಾಲು ಒಂದೂವರೆ. ಕಾರು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಪ್ರತಿ ಟೈರೂ ಎರಡೂವರೆ ಮೀಟರ್ ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. 10,000 ಕಿ.ಮೀ. ಆದ ಮೇಲೆ ಅದು 25 ಕಿ.ಮೀ. ಹೆಚ್ಚೂಕಡಿಮೆ ಬೆಳಗಾವಿಯಿಂದ ಖಾನಾಪುರಕ್ಕೆ ಟೈರನ್ನು ಅಡ್ಡಡ್ಡ ಎಳೆದುಕೊಂಡು ಹೋದ ಲೆಕ್ಕ. ಇದನ್ನು ಕೈಯಲ್ಲೇ ಗುರುತಿಸಬಹುದು. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ ಒಮ್ಮೆ ಸವರಿ, ಹೊರಗಿನಿಂದ ಒಳಕ್ಕೆ ಒಮ್ಮೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ತಡೆದರೆ ಟೋ ತಪ್ಪಿದೆ.

ಮನೆಯಲ್ಲೇ ಅಳೆಯಬೇಕಾದರೆ ಹೀಗೆ. ಕಾರು ಸಮನೆಲದ ಮೇಲೆ, ಸ್ಟೀರಿಂಗ್ ನೇರ. ಎರಡೂ ಮುಂದಿನ ಟೈರುಗಳ ಮುಂಭಾಗದಲ್ಲಿ, ಅಚ್ಚಿನ ಎತ್ತರದಲ್ಲಿ, ಟ್ರೆಡ್ ಮಧ್ಯೆ ಸೀಮೆಸುಣ್ಣದ ಗುರುತು ಹಾಕಿ. ಒಬ್ಬರು ಆ ಕಡೆ ಟೇಪ್ ಹಿಡಿಯಲಿ, ನೀವು ಈ ಕಡೆ. ದೂರ ಬರೆದುಕೊಳ್ಳಿ. ಕಾರನ್ನು ಮುಂದಕ್ಕೆ ತಳ್ಳಿ, ಗುರುತುಗಳು ಹಿಂದೆ ಅದೇ ಎತ್ತರಕ್ಕೆ ಬಂದಾಗ ನಿಲ್ಲಿಸಿ, ಮತ್ತೆ ಅಳೆಯಿರಿ. ಹಿಂದಿನ ದೂರದಿಂದ ಮುಂದಿನದನ್ನು ಕಳೆದರೆ ಬರುವುದೇ ಟೋ. ಲಾರಿ ಗ್ಯಾರೇಜುಗಳಲ್ಲಿ ಇವತ್ತಿಗೂ ಇದೇ ಪದ್ಧತಿ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಟ್ರಾಲಿಯ ಫಿಕ್ಸ್ ಚಕ್ರಕ್ಕೆ ಅಳೆದದ್ದೂ ಇದನ್ನೇ.

ಆದರೆ ನಿಮ್ಮ ಕಾರಿನ ಎಳೆತ ಟೋ ಸರಿಮಾಡಿದರೆ ಹೋಗುವಂಥದ್ದಲ್ಲ. ಎರಡು ಚಕ್ರಕ್ಕೂ ಕ್ಯಾಸ್ಟರ್ ಓರೆ ಇದೆಯಲ್ಲ, ಎಡ ಚಕ್ರ ಕಾರನ್ನು ಬಲಕ್ಕೆ ತಳ್ಳುತ್ತಿರುತ್ತದೆ, ಬಲ ಚಕ್ರ ಎಡಕ್ಕೆ ತಳ್ಳುತ್ತಿರುತ್ತದೆ. ಹಗ್ಗ ಜಗ್ಗಾಟದ ಎರಡು ತಂಡದ ಹಾಗೆ. ಬಲ ಸಮವಿದ್ದಾಗ ಕಾರು ನೇರ. ನಿಮ್ಮಲ್ಲಿ ಎಡಗಡೆ 1 ಡಿಗ್ರಿ 15 ಮಿನಿಟ್ ಕಡಿಮೆಯಾಗಿದೆ (60 ಮಿನಿಟ್ ಸೇರಿದರೆ 1 ಡಿಗ್ರಿ). ಎಡದ ತಂಡ ಸೊರಗಿದೆ, ಬಲದ ತಂಡ ಗೆದ್ದು ಕಾರನ್ನು ಎಡಕ್ಕೆ ನೂಕುತ್ತಿದೆ. ಕ್ಯಾಸ್ಟರ್ ಯಾವ ಕಡೆ ಕಡಿಮೆಯೋ ಆ ಕಡೆಗೇ ಎಳೆತ. ಅರ್ಧ ಡಿಗ್ರಿ ವ್ಯತ್ಯಾಸವಾದರೂ ಕೈಗೆ ತಿಳಿಯುತ್ತದೆ, ನಿಮ್ಮದು ಅದರ ಎರಡೂವರೆ ಪಟ್ಟು.

ಒಂದೂಕಾಲು ಡಿಗ್ರಿ ಅಂದರೆ ಸಣ್ಣದು ಅನಿಸಬಹುದು. ಚಕ್ರ ತಿರುಗುವ ಅಕ್ಷದ ಕೆಳತುದಿಯ ಬಾಲ್ ಜಾಯಿಂಟ್‌ನಿಂದ ಮೇಲ್ತುದಿಯ ಸ್ಟ್ರಟ್ ಮೌಂಟಿಗೆ 600 ಮಿ.ಮೀ. ಇದೆ ಅಂದುಕೊಂಡರೆ, ಅಷ್ಟು ಕೋನಕ್ಕೆ ಬಾಲ್ ಜಾಯಿಂಟ್ 13 ಮಿ.ಮೀ. ಹಿಂದಕ್ಕೆ ಹೋಗಿರಬೇಕು. ಅರ್ಧ ಇಂಚು! ಗುಂಡಿಯ ಅಂಚು ಎಡಚಕ್ರವನ್ನು ಹಿಂದಕ್ಕೆ ಗುದ್ದಿದೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಬಗ್ಗಿದೆ, ಇಲ್ಲ ಅದರ ಹಿಂದಿನ ರಬ್ಬರ್ ಬುಷ್ ಹರಿದಿದೆ, ಇಲ್ಲ ಆರ್ಮ್ ಕೂತಿರುವ ಸಬ್‌ಫ್ರೇಮ್ ಜರುಗಿದೆ. ಮೂರರಲ್ಲಿ ಒಂದು.

‘ಕ್ಯಾಸ್ಟರ್ ಹಾಗೇ ಇರುತ್ತೆ’ ಅಂದದ್ದು ಅರ್ಧ ನಿಜ. ನಮ್ಮಲ್ಲಿ ಓಡಾಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಕ್ಯಾಸ್ಟರ್ ತಿರುಗಿಸಲು ಯಾವ ಬೋಲ್ಟೂ ಇಲ್ಲ. ಮುಂದಿನ ಟೋ ಒಂದನ್ನೇ ಹೊಂದಿಸಲು ಬರುತ್ತದೆ. ಲಾರಿಯಲ್ಲಾದರೆ ಲೀಫ್ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಪ್ಲೇಟ್ ಕೊಟ್ಟು ಕ್ಯಾಸ್ಟರ್ ಬದಲಿಸುತ್ತಾರೆ. ಹೊಂದಿಸಲು ಬರುವುದಿಲ್ಲ ಅಂದ ಮಾತ್ರಕ್ಕೆ ಕೆಂಪು ಅಂಕಿ ಹಾಗೇ ಇರಲಿ ಅಂತಲ್ಲ. ಹೊಂದಿಸಲು ಬರದ ಅಂಕಿ ತಪ್ಪಿದೆ ಅಂದರೆ ಏನೋ ಬಗ್ಗಿದೆ, ಇಲ್ಲವೇ ಹರಿದಿದೆ ಅಂತಲೇ ಅರ್ಥ.

ಆದರೂ ಆರ್ಮ್ ಬದಲಿಸುವ ಮುಂಚೆ ಆ ಅಂಕಿಯನ್ನೇ ಒಮ್ಮೆ ಅನುಮಾನಿಸಿ. ಕ್ಯಾಸ್ಟರನ್ನು ಯಂತ್ರ ನೇರವಾಗಿ ಅಳೆಯುವುದಿಲ್ಲ. ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಆಗ ಕ್ಯಾಂಬರ್ ಎಷ್ಟು ಬದಲಾಯಿತು ಅನ್ನುವುದರಿಂದ ಲೆಕ್ಕ ಹಾಕುತ್ತದೆ. ಸೆನ್ಸರ್ ಕಟ್ಟಿದ ಮೇಲೆ ಅವರು ಬ್ರೇಕ್ ಪೆಡಲ್‌ಗೆ ಕೋಲು ಕೊಟ್ಟು, ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸಿದರಾ? ನೀವು ಚಹಾ ಕುಡಿಯಲು ಹೋಗಿದ್ದಿರೋ ಏನೋ. ತಿರುಗಿಸದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಮುಂದಿನ ಸಲ ಪಕ್ಕದಲ್ಲೇ ನಿಂತು ನೋಡಿ.

ಇನ್ನೂ ಒಂದೆರಡು ಅಗ್ಗದ ಪರೀಕ್ಷೆ ಇವೆ. ನಾಲ್ಕೂ ಟೈರಿನ ಗಾಳಿ ತಣ್ಣಗಿದ್ದಾಗ ನೋಡಿ. ಮುಂದಿನ ಎರಡು ಟೈರನ್ನು ಅದಲುಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ಕಳ್ಳ ಟೈರು, ಕ್ಯಾಸ್ಟರ್ ಅಲ್ಲ. ಪಕ್ಕದಲ್ಲಿ ಬಾಣದ ಗುರುತಿರುವ ಟೈರಾದರೆ ಹೀಗೆ ಬದಲಿಸಬೇಡಿ. ರಸ್ತೆಯನ್ನೂ ಮರೆಯಬೇಡಿ. ನಮ್ಮ ರಸ್ತೆಗಳು ನೀರು ಹರಿಯಲು ಅಂಚಿಗೆ ವಾಟವಾಗಿರುತ್ತವೆ. ಎಡಬದಿಯಲ್ಲಿ ಓಡಿಸುವ ನಮಗೆ ಎಲ್ಲ ಕಾರೂ ತುಸು ಎಡಕ್ಕೇ ಎಳೆಯುತ್ತದೆ. ಸಮತಟ್ಟಾದ ದೊಡ್ಡ ಖಾಲಿ ಮೈದಾನದಲ್ಲಿ ಹೋಗಿ ಒಮ್ಮೆ, ಬಂದು ಒಮ್ಮೆ ನೋಡಿ. ಟ್ರಾಲಿಗೆ ಮಾಡಿದ್ದೇ ಇದು. ಕೊನೆಗೆ ಅದೇ ಟೇಪ್ ಹಿಡಿದು, ಸ್ಟೀರಿಂಗ್ ನೇರವಿದ್ದಾಗ, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಗಡೆ ಎಷ್ಟು, ಬಲಗಡೆ ಎಷ್ಟು ಅಳೆಯಿರಿ. ಎಡಗಡೆ ಹತ್ತು ಹದಿಮೂರು ಮಿ.ಮೀ. ಕಡಿಮೆ ಬಂದರೆ ಅನುಮಾನ ಗಟ್ಟಿಯಾಯಿತು.

ಆಮೇಲೆ ಕಾರನ್ನು ಲಿಫ್ಟಿಗೆ ಹಾಕಿಸಿ. ಲೋವರ್ ಆರ್ಮಿನ ಹಿಂದಿನ ಬುಷ್ ಹತ್ತಿರ ಲಿವರ್ ಹಾಕಿ ಮೀಟಲಿ. ರಬ್ಬರ್ ಸೀಳಿದ್ದು ಕಣ್ಣಿಗೇ ಕಾಣುತ್ತದೆ. ಎರಡೂ ಕಡೆಯ ಆರ್ಮ್ ಹೋಲಿಸಿ ನೋಡಿ, ಬಗ್ಗಿದ್ದು ಬಣ್ಣ ಎದ್ದ ಜಾಗದಲ್ಲಿ ಗೊತ್ತಾಗುತ್ತದೆ. ಬಗ್ಗಿದ ಆರ್ಮನ್ನು ಬಿಸಿ ಮಾಡಿ ನೇರ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಚಕ್ರ ಹಿಡಿದಿರುವ ತುಂಡು ಅದು. ಹೊಸದು ಹಾಕಿದ ಮೇಲೆ ಬುಷ್ ಬೋಲ್ಟುಗಳ ಕೊನೆಯ ಬಿಗಿ ಕಾರು ನೆಲದ ಮೇಲೆ ತನ್ನ ಭಾರದಲ್ಲಿ ಕೂತಾಗ ಆಗಬೇಕು. ಲಿಫ್ಟಿನ ಮೇಲೆ ಚಕ್ರ ಜೋತಾಡುತ್ತಿರುವಾಗಲೇ ಬಿಗಿ ಮಾಡಿದರೆ, ಕಾರು ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಅರ್ಜೆಂಟಿನಲ್ಲಿ ಇದನ್ನು ಬಿಟ್ಟುಬಿಡುವವರು ಜಾಸ್ತಿ. ಇದಾದ ಮೇಲೆ ಟೋ ಮತ್ತೆ ಮಾಡಿಸಲೇಬೇಕು, ಈಗ ಮಾಡಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಆರ್ಮ್ ಜರುಗಿದರೆ ಟೋ ಕೂಡ ಜರುಗುತ್ತದೆ.

ಹೊಸ ಪ್ರಿಂಟ್ ಕೈಗೆ ಬಂದಾಗ ಮೊದಲು ಎಡ ಬಲ ಕ್ಯಾಸ್ಟರ್‌ಗಳ ವ್ಯತ್ಯಾಸ ನೋಡಿ. 30 ಮಿನಿಟ್ ಒಳಗಿದ್ದರೆ ದುಡ್ಡು ಕೊಟ್ಟು ಹೊರಡಿ. ಇಲ್ಲದಿದ್ದರೆ ಸಬ್‌ಫ್ರೇಮ್ ಬೋಲ್ಟುಗಳ ಸುತ್ತ ಉಜ್ಜಿದ ಹೊಸ ಗುರುತು ಇದೆಯಾ ಅಂತ ಅವರಿಂದಲೇ ಟಾರ್ಚ್ ಹಾಕಿಸಿ ನೋಡಿ. ಆ ವಾರ ಟ್ರಾಲಿಗೆ ದೊಡ್ಡ ಡೈ ಹೇರಬೇಡಿ, 4 ಇಂಚಿನ ಉಳಿದೆರಡು ಚಕ್ರವೂ ಅಷ್ಟೇ ದಣಿದಿರುತ್ತವೆ.